ಷಡ್ಡಕನಿಲ್ಲದ ಕಾಡು

ಕನ್ನಡಕದಂಗಡಿಯ ಯಜಮಾನರ ಆ ದಿನ ಕೆಟ್ಟದ್ದು ಬೆಳಗಿನ ಕಾಫಿಯ ಎರಡನೆಯ ಗುಟುಕಿನಲ್ಲಿ. ಮೊದಲ ಗುಟುಕಿನ ತನಕ ಎಲ್ಲ ಸರಿಯಾಗಿಯೇ ಇತ್ತು.

"ಟೂರಿನವರು ಫೋನ್ ಮಾಡಿದ್ರು," ಎಂದಳು ಹೆಂಡತಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಇವತ್ತು ಸಂಜೆಯೊಳಗೆ ಹೇಳಿಬಿಡ್ಬೇಕಂತೆ. ಕೀನ್ಯಾನೋ, ತಾಂಜಾನಿಯಾನೋ. ನೀವೇ ಹೇಳಿಬಿಡಿ."

"ನಾನೇ ಯಾಕೆ?"

"ಅಲ್ಲಿ ಹೋದ್ಮೇಲೆ ಸಿಂಹ ಕಾಣಿಸ್ಲಿಲ್ಲ ಅಂದ್ರೆ ಬೈಯೋಕೆ ಒಬ್ರು ಬೇಡ್ವಾ?"

ಮಾತು ನ್ಯಾಯವಾದದ್ದೇ. ಯಜಮಾನರು ತಲೆಯಾಡಿಸಿ ಎರಡನೆಯ ಗುಟುಕು ಬಾಯಿಗೆ ತುಂಬಿಕೊಂಡರು. ಅಷ್ಟರಲ್ಲಿ ಹೆಂಡತಿ ಹೇಳಿದಳು: "ಅಂದ ಹಾಗೆ, ಅಕ್ಕ-ಭಾವನೂ ಅದೇ ವಾರ ಆಫ್ರಿಕಾಕ್ಕೆ ಹೊರಟಿದ್ದಾರಂತೆ. ಅದೇ ಟೂರಿನವರ ಜೊತೇನೇ. ಯಾವ ದೇಶಕ್ಕೆ ಅಂತ ಭಾವ ಅಕ್ಕನಿಗೂ ಬಾಯಿ ಬಿಟ್ಟಿಲ್ಲ."

ಕಾಫಿ ಮೂಗಿಗೆ ಹತ್ತಿತು.

ಹೆಂಡತಿಯ ಅಕ್ಕನ ಗಂಡ, ಅಂದರೆ ಯಜಮಾನರ ಷಡ್ಡಕ, ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಸಾರುತ್ತಿದ್ದವನು. ಈಗ ನಿವೃತ್ತಿಯಾಗಿದೆ. ಕೆಲಸ ಬಿಟ್ಟರೂ ಗಂಟಲು ಬಿಡಲಿಲ್ಲ. ನಿಲ್ದಾಣದಲ್ಲಿ ಧ್ವನಿವರ್ಧಕ ಕೆಟ್ಟ ದಿನ ಪ್ರಯಾಣಿಕರಿಗೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲವಂತೆ. ಎಲ್ಲರೂ ಅವನನ್ನು ಮೈಕು ಎಂದೇ ಕರೆಯುತ್ತಿದ್ದರು. ಕಳೆದ ರಜೆಯಲ್ಲಿ ಎರಡೂ ಕುಟುಂಬಗಳು ಕೂಡಿ ಸರೋವರದ ಹಕ್ಕಿಗಳನ್ನು ನೋಡಲು ಹೋಗಿದ್ದವು. ಮೈಕು ದೋಣಿಯಲ್ಲಿ ಎದ್ದು ನಿಂತು, "ಅಗೋ, ಎಡಗಡೆ, ಬಿಳಿ ಕೊಕ್ಕರೆ!" ಎಂದು ಸಾರಿದ. ಎಡಗಡೆಯದು ಹಾರಿತು, ಬಲಗಡೆಯದೂ ಹಾರಿತು. ಸಾಲದ್ದಕ್ಕೆ ಆಚೆ ದಡದಲ್ಲಿ ಮಲಗಿದ್ದ ನಾಯಿಯೂ ಎದ್ದು ಊರು ಬಿಟ್ಟಿತು. ಉಳಿದ ದಿನವೆಲ್ಲ ನೋಡಿದ್ದು ಬರೀ ನೀರು.

ಕನ್ನಡಕದ ಯಜಮಾನರಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಹೆಚ್ಚೇನಲ್ಲ. ದೊಡ್ಡ ಹುಲ್ಲುಗಾವಲಿನ ನಡುವೆ ಜೀಪು ನಿಲ್ಲಿಸಿಕೊಂಡು, ಆನೆ ಹುಲ್ಲು ಕೀಳುವ ಸದ್ದು ಕೇಳಬೇಕು. ಬರೀ ಅಷ್ಟೇ. ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದರು. ಈಗ ಆ ಆನೆಯ ಪಕ್ಕದಲ್ಲಿ ಮೈಕು ನಿಂತ ಚಿತ್ರ ಕಣ್ಣಿಗೆ ಕಟ್ಟಿತು.

ಹೆಂಡತಿಯ ಎದುರು ಅವಳ ಭಾವನನ್ನು ಅನ್ನುವಂತಿಲ್ಲ. ಮೈಕನ್ನೇ ಕೇಳೋಣವೆಂದರೆ, "ಓಹೋ, ಜೊತೆಗೇ ಹೋಗೋಣ!" ಎಂದುಬಿಟ್ಟರೆ ಮುಗಿಯಿತು. ಆದ್ದರಿಂದ ಗುಟ್ಟಾಗಿ ತಿಳಿದುಕೊಳ್ಳಬೇಕು. ಅವನು ಯಾವ ದೇಶಕ್ಕೋ, ತಾವು ಅದರ ಪಕ್ಕದ ದೇಶಕ್ಕೆ. ಸಿಂಹಗಳು ಹೇಗೂ ಎರಡೂ ಕಡೆ ಇವೆ.

ಅಂಗಡಿಯಲ್ಲಿ ಮೊದಲು ಬಂದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಕತ್ತಲೆ ಕೋಣೆಯಲ್ಲಿ ಕೂರಿಸಿ, ಮೂಗಿನ ಮೇಲೆ ಚೌಕಟ್ಟಿಟ್ಟು, ಯಜಮಾನರು ಮಸೂರ ಬದಲಿಸುತ್ತ ಕೇಳಿದರು: "ಈಗ ಹೇಳಿ ಮೇಡಂ, ಕೀನ್ಯಾ ಚೆನ್ನಾಗಿದೆಯಾ, ತಾಂಜಾನಿಯಾ ಚೆನ್ನಾಗಿದೆಯಾ?"

"ಏನಂದ್ರಿ?"

"ಅಲ್ಲ ಅಲ್ಲ, ಮೊದಲನೇದಾ, ಎರಡನೇದಾ?"

ಆದರೆ ಮುಖ್ಯೋಪಾಧ್ಯಾಯಿನಿ ಸುಮ್ಮನೆ ಬಿಡುವ ಪೈಕಿಯಲ್ಲ. "ಕೀನ್ಯಾಕ್ಕೇ ಹೋಗಿ. ಸಾವಿರಾರು ಪ್ರಾಣಿಗಳು ನದಿಗೆ ಧುಮುಕೋದು ನೋಡ್ಬೇಕಾದ್ರೆ ಅಲ್ಲೇ. ನಿಮ್ಮ ಷಡ್ಡಕರೂ ಅಲ್ಲಿಗೇ ಅಂತೆ. ನಿನ್ನೆ ಪಾರ್ಕಲ್ಲಿ, ಯಾರಿಗೂ ಹೇಳ್ಬೇಡಿ ಅಂತ ನನ್ನ ಕಿವೀಲಿ ಗುಟ್ಟಾಗಿ ಹೇಳಿದ್ರು. ಇಡೀ ಪಾರ್ಕಿಗೆ ಕೇಳಿಸ್ತು."

ಯಜಮಾನರಿಗೆ ಹಾರಾಡುವಷ್ಟು ಸಂತೋಷವಾಯಿತು. ರಿಪೇರಿಯಾಗಿ ಸಿದ್ಧವಾಗಿದ್ದ ಅವರ ಹಳೆಯ ಕನ್ನಡಕವನ್ನು ಒರೆಸಿ ಕೈಗಿತ್ತು, ಅವರನ್ನು ಹೆಚ್ಚುಕಡಿಮೆ ನೂಕಿಕೊಂಡೇ ಹೊರಗೆ ಬಿಟ್ಟು, ಟೂರಿನವನಿಗೆ ಫೋನ್ ಮಾಡಿದರು. "ತಾಂಜಾನಿಯಾ!"

ಆ ಸಂಭ್ರಮದಲ್ಲಿ ಅವರು ಕೊಟ್ಟದ್ದು ಪಕ್ಕದ ಬೇಕರಿಯವನ ಕನ್ನಡಕ.

ಸ್ವಲ್ಪ ಹೊತ್ತಿಗೆ ಬೇಕರಿಯವನು ಹಿಟ್ಟುಗೈಯಲ್ಲೇ ಬಂದ. "ನನ್ನ ಕನ್ನಡಕ ರೆಡಿನಾ ಸಾರ್? ಅದಿಲ್ಲದೆ ಒಲೆ ಎಲ್ಲಿ, ಬಾಗಿಲೆಲ್ಲಿ ಗೊತ್ತಾಗ್ತಿಲ್ಲ." ಯಜಮಾನರು ಉಳಿದಿದ್ದ ಜೋಡಿಯನ್ನು ಕೊಟ್ಟು, ನಾಲಿಗೆ ತುರಿಸಿದ್ದಕ್ಕೆ ತಡೆಯಲಾರದೆ, "ನಾವು ತಾಂಜಾನಿಯಾಕ್ಕೆ ಹೊರಟ್ವಿ ಕಣಯ್ಯ," ಎಂದರು.

"ಬಹಳ ಒಳ್ಳೇದು! ಅಗ್ನಿಪರ್ವತದ ಬಾಯೊಳಗೇ ಕಾಡಿದೆಯಂತೆ. ಮೈಕು ಸಾಹೇಬರೂ ಅಲ್ಲಿಗೇ ಅಲ್ವಾ? ಬೆಳಿಗ್ಗೆ ನನ್ನ ಕಿವೀಲಿ ಹೇಳಿದ್ರು. ಗುಟ್ಟಂತೆ. ಬಿಸ್ಕತ್ತಿನ ಡಬ್ಬಿಗಳೆಲ್ಲ ಗಡಗಡ ಅಂದ್ವು."

ಯಜಮಾನರ ಮುಖ ಒಣ ಬ್ರೆಡ್ಡಿನಂತಾಯಿತು. ಬೇಕರಿಯವನು ಹೊಸಿಲು ದಾಟುವ ಮುನ್ನವೇ ಮತ್ತೆ ಫೋನ್. "ತಾಂಜಾನಿಯಾ ಬೇಡಪ್ಪ. ಕೀನ್ಯಾ ಮಾಡು."

ಫೋನಿಟ್ಟ ಮೇಲೆ ಬುದ್ಧಿ ಕೆಲಸ ಮಾಡತೊಡಗಿತು. ಪಾರ್ಕಿನ ಮಾತು ನಿನ್ನೆಯದು, ಬೇಕರಿಯ ಮಾತು ಇವತ್ತಿನದು. ಆದರೆ ನಿನ್ನೆ ಒಂದು, ಇವತ್ತು ಒಂದು ಎನ್ನುವವನು ಮಧ್ಯಾಹ್ನಕ್ಕೆ ಇನ್ನೊಂದು ಎನ್ನಲಾರನೇ? ಮತ್ತೆ ಫೋನೆತ್ತಿದರು. ಇಟ್ಟರು. ಮತ್ತೆ ಎತ್ತಿದರು.

"ಸಾರ್," ಎಂದ ಟೂರಿನವನು, ಅಳುವ ದನಿಯಲ್ಲಿ, "ಆ ಎರಡು ದೇಶಗಳ ಮಧ್ಯೆ ಹೀಗೆ ಹೋಗೋದು ಬರೋದು ಮಾಡೋದು ಆ ನದಿ ದಾಟೋ ವೈಲ್ಡ್‌ಬೀಸ್ಟ್ ಹಿಂಡು ಮಾತ್ರ. ಅವೂ ವರ್ಷಕ್ಕೊಂದೇ ಸಲ."

ಆಗಲೇ ಬಾಗಿಲು ದಢಾರನೆ ತೆರೆಯಿತು. ಒಳಗೆ ನುಗ್ಗಿದವರು ಮುಖ್ಯೋಪಾಧ್ಯಾಯಿನಿ, ಅವರ ಹಿಂದೆಯೇ ಬೇಕರಿಯವನು.

"ಇದೆಂಥಾ ಕನ್ನಡಕ ಕೊಟ್ರಿ! ಬಟ್ಟೆ ಅಂಗಡಿ ಮುಂದಿನ ಬೊಂಬೆ ನನ್ನ ಹಳೇ ವಿದ್ಯಾರ್ಥಿ ಅಂದ್ಕೊಂಡು, ಮದುವೆ ಆಯ್ತೇನಪ್ಪಾ, ಮಕ್ಕಳೆಷ್ಟು ಅಂತ ವಿಚಾರಿಸ್ತಾ ನಿಂತಿದ್ದೆ. ಸುತ್ತ ಜನ ಸೇರಿದ್ರು!"

"ನಿಮ್ದೇನು ಮಹಾ ಮೇಡಂ! ನಾನು ಸಕ್ಕರೆ ಅಂತ ಉಪ್ಪು ಸುರಿದು ಒಂದು ಒಲೆ ತುಂಬ ಬನ್ನು ಬೇಯಿಸಿದ್ದೀನಿ. ತಿಂದೋರೆಲ್ಲ ನೀರು ನೀರು ಅಂತ ಬೀದೀಲಿ ಓಡ್ತಿದ್ದಾರೆ!"

ಯಜಮಾನರು ಕೈಮುಗಿದು ಕನ್ನಡಕಗಳನ್ನು ಅದಲುಬದಲು ಮಾಡಿಕೊಟ್ಟರು. ಜಗಳ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಣ್ಣು ಸರಿಯಾದ ಮೇಲೆ ಬೇಕರಿಯವನಿಗೆ ನೆನಪಾಯಿತು: "ಹೋಗ್ಲಿ, ತಾಂಜಾನಿಯಾ ಪಕ್ಕಾ ಆಯ್ತಾ?"

"ತಾಂಜಾನಿಯಾ ಯಾಕೆ?" ಮುಖ್ಯೋಪಾಧ್ಯಾಯಿನಿ ಸೆರಗು ಬಿಗಿದರು. "ಕೀನ್ಯಾದಲ್ಲಿ ಹಿಮದ ಬೆಟ್ಟ ಕಾಣುತ್ತೆ."

"ಬೆಟ್ಟ ಇರೋದು ತಾಂಜಾನಿಯಾದಲ್ಲಿ!"

"ಇರೋದು ಅಲ್ಲಿ. ಚೆನ್ನಾಗಿ ಕಾಣೋದು ಕೀನ್ಯಾದಿಂದ!"

"ನಮ್ಮನೆ ಟಿವಿ ಎದುರುಮನೆಯೋರಿಗೆ ಚೆನ್ನಾಗಿ ಕಾಣುತ್ತೆ. ಅದಕ್ಕೆ ಟಿವಿ ಅವರದಾಗ್ಬಿಡುತ್ತಾ?"

ಗಲಾಟೆ ಕೇಳಿ ದಾರಿಹೋಕರು ಒಳಗೆ ಬಂದರು. ಉಪ್ಪು ಬನ್ನು ತಿಂದವರು ನೀರು ಕುಡಿಯುವ ನೆಪದಲ್ಲಿ ಬಂದರು. ಕ್ಷಣದಲ್ಲಿ ಎರಡು ಪಕ್ಷಗಳಾದವು. ಆಫ್ರಿಕಾ ಯಾವ ದಿಕ್ಕಿಗಿದೆ ಎಂದು ತಿಳಿಯದವರೂ ತಾಂಜಾನಿಯಾದ ಮಾನಕ್ಕಾಗಿ ತೋಳೇರಿಸಿದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ನಡುವೆ ಯಜಮಾನರ ಅಂಗಿಯ ಎರಡು ತೋಳೂ ಹೊಲಿಗೆ ಬಿಟ್ಟವು. ಯಾರದೋ ಮೊಣಕೈ ತಗುಲಿ ಕನ್ನಡಕದ ಸ್ಟ್ಯಾಂಡು ಮಗುಚಿತು. ನೂರಾರು ಕನ್ನಡಕಗಳು ನೆಲದ ಮೇಲೆ ಕಾಲು ಮೇಲೆ ಮಾಡಿಕೊಂಡು ಬಿದ್ದವು, ಔಷಧಿ ಹೊಡೆದ ಜಿರಲೆಗಳ ಹಾಗೆ.

ಯಜಮಾನರು ಬಗ್ಗಿ, ಜನರ ಕಾಲುಗಳ ನಡುವೆ ತೆವಳಿ, ಹಿಂಬಾಗಿಲಿನಿಂದ ಪಾರಾದರು. ಇನ್ನು ಪರರನ್ನು ನಂಬಿ ಫಲವಿಲ್ಲ. ಕಿವಿಯಾರೆ ಕೇಳಬೇಕು.

ಮೈಕಿನ ಮನೆಯ ಮುಂದೆ ಎದೆಯೆತ್ತರದ ಗಿಡದ ಬೇಲಿ. ಯಜಮಾನರು ಹರಿದ ತೋಳುಗಳನ್ನು ಮಡಿಚಿಕೊಂಡು ಅದರ ಹಿಂದೆ ಕುಕ್ಕರಗಾಲಲ್ಲಿ ಕುಳಿತರು. ಮುಳ್ಳು ಚುಚ್ಚಿದರೂ ಅಲ್ಲಾಡಲಿಲ್ಲ. ಇರುವೆ ಕಚ್ಚಿದರೂ ಕಮಕ್ ಕಿಮಕ್ ಅನ್ನಲಿಲ್ಲ. ಬಿಸಿಲು ಇಳಿಯತೊಡಗಿತು. ಕೊನೆಗೆ ಒಳಗೆ ಹೆಜ್ಜೆಯ ಸದ್ದಾಗಿ, ಕಿಟಕಿಯ ಪರದೆ ಅಲುಗಿ, ಮನೆಯ ಗಾಜುಗಳೆಲ್ಲ ಒಮ್ಮೆಲೇ ನಡುಗಿದವು:

"ಹಲೋ, ಟೂರಿನೋರಾ? ನಮ್ದು ಕೀನ್ಯಾ! ಕೀ-ನ್ಯಾ! ಇನ್ನು ಬದಲಾವಣೆ ಇಲ್ಲ!"

ಯಜಮಾನರಿಗೆ ಆ ಗಂಟಲು ಜೀವನದಲ್ಲಿ ಮೊದಲ ಬಾರಿಗೆ ಸಂಗೀತದಂತೆ ಕೇಳಿಸಿತು. ಬೀದಿಯ ತಿರುವಿನ ತನಕ ಬಗ್ಗಿಕೊಂಡೇ ಓಡಿ ಫೋನ್ ತೆಗೆದರು. "ತಾಂಜಾನಿಯಾ! ಟಿಕೆಟ್ ಮಾಡಿಬಿಡು. ಇನ್ನು ನಾನೇ ಬಂದು ಕಾಲು ಹಿಡಿದ್ರೂ ಬದಲಾಯಿಸ್ಬೇಡ."

"ದೇವರಾಣೆ ಬದಲಾಯಿಸಲ್ಲ ಸಾರ್," ಎಂದ ಟೂರಿನವನು, ಹೃದಯಪೂರ್ವಕವಾಗಿ.

ಅಂಗಡಿಯ ಬೀದಿ ತಪ್ಪಿಸಿ, ಊರೆಲ್ಲ ಸುತ್ತಿ ಮನೆಗೆ ಹೋಗುವ ದಾರಿಯೆಲ್ಲ ಯಜಮಾನರಿಗೆ ಆನೆ ಹುಲ್ಲು ಕೀಳುವ ಸದ್ದೇ ಕೇಳಿಸುತ್ತಿತ್ತು. ಎದುರಿಗೆ ಸಿಕ್ಕವರಿಗೆಲ್ಲ ನಗುತ್ತ ಕೈಬೀಸಿದರು. ಅವರ ಹರಿದ ಅಂಗಿ, ಬೋಳುತಲೆಗೆ ಅಂಟಿದ ಎಲೆಗಳನ್ನು ನೋಡಿ ಕೆಲವರು ದಾರಿ ಬಿಟ್ಟುಕೊಟ್ಟರು.

ಮನೆಯ ಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ಅಕ್ಕ-ತಂಗಿಯರು ಕೈಕೈ ಹಿಡಿದು ನಗುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಮೈಕು, ಕರೆಂಟು ಹೋದ ಹಾಗೆ, ಸದ್ದಿಲ್ಲದೆ ಕುಳಿತಿದ್ದ.

"ನೀವೂ ತಾಂಜಾನಿಯಾ ಅಂತೆ!" ಹೆಂಡತಿ ಓಡಿ ಬಂದಳು. "ಟೂರಿನೋರು ಈಗ ತಾನೇ ಹೇಳಿದ್ರು. ಇಬ್ರೂ ಒಬ್ಬರಿಗೊಬ್ರು ಹೇಳ್ಕೊಳ್ದೆ ಒಂದೇ ಕಡೆಗೆ ಮಾಡಿದ್ದೀರಲ್ಲ, ಎಂಥಾ ಒಗ್ಗಟ್ಟು!"

"ನೀವೂ ಅಂದ್ರೆ?" ಯಜಮಾನರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಭಾವಾ, ನಿಮ್ದು ಕೀನ್ಯಾ ಅಲ್ವಾ? ನಾನೇ ಕೇಳಿಸ್ಕೊಂ—"

"ಕೇಳಿಸ್ಕೊಳ್ಳಲಿ ಅಂತಾನೇ ಅಲ್ವೇನಯ್ಯಾ ಕಿರುಚಿದ್ದು!" ಮೈಕಿಗೆ ಕರೆಂಟು ಬಂತು; ಗೋಡೆಯ ಫೋಟೋ ಓರೆಯಾಯಿತು. "ಬೇಲಿ ಸಂದೀಲಿ ನಿನ್ನ ಬೋಳುತಲೆ ಮಿಂಚ್ತಿತ್ತು. ಓಹೋ, ನಮಗೆ ಗಂಟು ಬೀಳೋಕೆ ಬಂದಿದ್ದಾನೆ, ಕೀನ್ಯಾ ಅಂದ್ರೆ ಕೀನ್ಯಾಕ್ಕೆ ಹೋಗ್ತಾನೆ, ನಾವು ತಾಂಜಾನಿಯಾದಲ್ಲಿ ಹಾಯಾಗಿರೋಣ ಅಂದ್ಕೊಂಡೆ. ನೀನು ಗಂಟು ಬೀಳ್ಬಾರ್ದು ಅಂತಾನೇ ನಿನ್ನೆಯಿಂದ ಕಂಡೋರಿಗೆಲ್ಲ ಒಂದೊಂದು ಥರ ಹೇಳ್ಕೊಂಡು ಬಂದಿದ್ದೆ. ಆ ಫೋನಲ್ಲಿ ಆ ಕಡೆ ಯಾರೂ ಇರ್ಲಿಲ್ಲ ಕಣೋ!"

ಅಕ್ಕ-ತಂಗಿಯರಿಗೆ ಇದೊಂದೂ ಕಿವಿಗೆ ಬಿದ್ದಂತಿರಲಿಲ್ಲ. ಅವರು ಟೋಪಿಗಳ ಮಾತಿನಲ್ಲಿ ಮುಳುಗಿದ್ದರು.

"ಬದಲಾಯಿಸೋಣ," ಎಂದು ಯಜಮಾನರು ಫೋನಿಗೆ ಕೈ ಹಾಕಿದರು.

"ನಾನೂ ಕೇಳಿ ನೋಡ್ದೆ. ಇನ್ನು ನೀವೇ ಕಾಲು ಹಿಡಿದ್ರೂ ಆಗಲ್ಲ, ನಿಮ್ಮ ಷಡ್ಡಕರ ಅಪ್ಪಣೆ ಆಗಿದೆ ಅಂದ," ಎಂದ ಮೈಕು.

"ಅಯ್ಯೋ, ಒಂದು ಹೇಳೋದು ಮರ್ತೆ," ಎಂದಳು ಹೆಂಡತಿ, ಹಿಗ್ಗಿನಿಂದ. "ಜೀಪು ಒಂದೇ ಮಾಡಿಸಿದ್ವಿ. ಡೇರೇನೂ ಬದಲಾಯಿಸ್ದೆ. ನಾನು ಅಕ್ಕ ಹರಟೆ ಹೊಡೆದು ಎಷ್ಟು ಕಾಲ ಆಯ್ತು! ನಮಗಿಬ್ಬರಿಗೊಂದು ಡೇರೆ, ನಿಮಗಿಬ್ಬರಿಗೊಂದು."

ಷಡ್ಡಕರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೈಕು ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಆ ಮನೆಯಲ್ಲಿ ಯಾರೂ ಎಂದೂ ಕೇಳಿರದಷ್ಟು ಮೆಲ್ಲಗಿನ ದನಿಯಲ್ಲಿ ಕೇಳಿದ:

"ನಿನಗೆ ಗೊರಕೆ ಇದೆಯಾ?"

"ಇಲ್ಲ ಭಾವ," ಎಂದರು ಯಜಮಾನರು.

"ನನಗಿದೆ."