ತಮ್ಮನ ವೇದಿಕೆಯ ಹತ್ತು ನಿಮಿಷ

ಇನ್ನು ಹೊಟ್ಟೆಕಿಚ್ಚು ಪಡಬಾರದು ಎಂದು ನಾನು ನಿರ್ಧರಿಸಿದ ದಿನವೇ ಅದಕ್ಕೆ ಸೌದೆ ಹಾಕುವವರು ಬಾಗಿಲಿಗೆ ಬರುತ್ತಾರೆ. ಇದು ತಪ್ಪಿದ್ದೇ ಇಲ್ಲ.

ಶಿರಸಿಯಲ್ಲಿ ಅಪ್ಪ ನಡೆಸುತ್ತಿದ್ದ ಕಾಳುಮೆಣಸಿನ ಗೋದಾಮನ್ನು ನನ್ನ ತಮ್ಮ ಸಂಗೀತದ ಕ್ಲಬ್ ಮಾಡಿದ್ದಾನೆ. ಬಾಗಿಲಲ್ಲಿ ನಮ್ಮನ್ನು ಹೆತ್ತ ಆಯಿ, ಅಡುಗೆಗೆ ತಮ್ಮನ ಹೆಂಡತಿ, ಕುರ್ಚಿ ಹಾಕಲು ಮತ್ತು ಎಲೆಅಡಿಕೆಯ ಕವಳದ ಹರಿವಾಣ ತಿರುಗಿಸಲು ನಾನು. ಎಂಟು ವರ್ಷ ಸಂಗೀತ ಕಲಿತವನು ಮನೆಯಲ್ಲಿ ನಾನೊಬ್ಬನೇ. ಆ ವೇದಿಕೆಯ ಮೇಲೆ ಹತ್ತು ನಿಮಿಷ ಕೊಡು ಎಂದು ಎರಡು ವರ್ಷದಿಂದ ಕೇಳುತ್ತಿದ್ದೇನೆ. "ನೋಡನ ಅಣ್ಣಾ, ಜಾಗ ಆದ್ರೆ ಹೇಳ್ತೆ" ಎನ್ನುತ್ತಾನೆ. ಪರವೂರಿನವರಿಗೆಲ್ಲ ಜಾಗ ಆಗುತ್ತದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಜಾಗ ಆದದ್ದು ಧಾರವಾಡದ ಇಂಡೀ ಪಾಪ್ ತಂಡಕ್ಕೆ. ಇವರ ಹಾಡನ್ನು ಇವರೇ ಬರೆದು, ಇವರೇ ರಾಗ ಹಾಕಿ ಹಾಡುತ್ತಾರೆ. ನಾಲ್ಕು ಜನ, ನಾಲ್ವರ ತಲೆಯ ಮೇಲೂ ನನಗಿಂತ ಹೆಚ್ಚು ಕೂದಲು.

ಅಪ್ಪೆಹುಳಿ

ಯಾರೇ ಬಂದರೂ ಉಣ್ಣಿಸದೆ ವೇದಿಕೆ ಹತ್ತಿಸುವ ಪದ್ಧತಿ ಆಯಿಗೆ ಇಲ್ಲ. ತಂಡದವರಿಗೆ ಹೋಳಿಗೆ ಬಡಿಸಿ, ಕೊನೆಗೆ ಮಾವಿನಕಾಯಿಯ ಅಪ್ಪೆಹುಳಿಯನ್ನು ಲೋಟಗಟ್ಟಲೆ ಕುಡಿಸಿದಳು. ಅದನ್ನು ಕುಡಿದರೆ ಎಂಥವನಿಗೂ ಜೋಂಪು ಹತ್ತುತ್ತದೆ ಎಂದು ನಮಗೆ ಗೊತ್ತು, ಧಾರವಾಡದವರಿಗೆ ಗೊತ್ತಿರಲಿಲ್ಲ. ಡ್ರಮ್ ಬಾರಿಸುವವನು ಮೂರು ಲೋಟ ಕುಡಿದು ಜಗಲಿಯ ಮೇಲೆ ಅಡ್ಡಾದ.

ಕಾರ್ಯಕ್ರಮದ ಹೊತ್ತಾಯಿತೆಂದು ಎಬ್ಬಿಸಲು ಹೋದರೆ ಆಯಿ ಪಕ್ಕದಲ್ಲಿ ಕೂತು ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಾಳೆ. "ಸುಮ್ಮಂಗಿರಾ. ಮಾಣಿ ಈಗಷ್ಟೇ ಕಣ್ಣು ಮುಚ್ಚಿದ್ದ" ಎಂದು ನನ್ನನ್ನೇ ಗದರಿದಳು.

ಕಾರ್ಯಕ್ರಮ ಒಂದು ತಾಸು ತಡವಾಯಿತು. ಅದರ ಬೇಸರ ನನಗಿಲ್ಲ. ನನಗೆ ಟೈಫಾಯ್ಡ್ ಆದಾಗ ಇದೇ ಆಯಿ ಇದೇ ಬೀಸಣಿಗೆಯನ್ನು ನನ್ನ ಕೈಗೆ ಕೊಟ್ಟು ತೋಟಕ್ಕೆ ಹೋಗಿದ್ದಳು.

ಚೆಕ್

ಡ್ರಮ್ಮಿನವನು ಏಳುವತನಕ ಗಾಯಕ ಮೈಕು ಸರಿ ಮಾಡುತ್ತಿದ್ದ. "ಚೆಕ್, ಚೆಕ್, ಒನ್, ಟೂ" ಎಂದು ಅರ್ಧ ತಾಸು ನಡೆಯಿತು.

ಯಲ್ಲಾಪುರದಿಂದ ಬಂದ ನನ್ನ ಹೆಂಡತಿಯ ಅಣ್ಣ ಮೊದಲ ಸಾಲಿನಲ್ಲಿ ಕೂತಿದ್ದರು. ನಾನು ಮನೆಯಲ್ಲಿ ಹಾಡಲು ಬಾಯಿ ತೆರೆದರೆ ಇವರಿಗೆ ಕೊಟ್ಟಿಗೆಯಲ್ಲಿ ಕೆಲಸ ನೆನಪಾಗುತ್ತದೆ. ಇಲ್ಲಿ ಚೆಕ್ಕಿಗೂ ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಅರ್ಧ ತಾಸಾದ ಮೇಲೆ ಚಪ್ಪಾಳೆ ಹೊಡೆದು ಎದ್ದರು.

"ಎಲ್ಲಿಗೆ ಭಾವಾ?"

"ಬಸ್ಸಿನ ಹೊತ್ತಾತು. ದನಿ ಚೊಲೋ ಇದ್ದು ಮಾರಾಯಾ. ಸಾಹಿತ್ಯ ಮಾತ್ರ ಸ್ವಲ್ಪ ಕಮ್ಮಿ ಆತು."

ಅವರನ್ನು ನಾನು ತಡೆಯಲಿಲ್ಲ.

ಕವಳ

ಕೊನೆಗೂ ಹಾಡು ಶುರುವಾಯಿತು. ಸಿದ್ದಾಪುರ, ಸೋಂದಾ ಕಡೆಯಿಂದೆಲ್ಲ ಜನ ಬಂದು ಸಭೆ ತುಂಬಿತ್ತು. ಒಂದೊಂದು ಹಾಡಿಗೂ ಅವರು ಹೊಡೆದ ಚಪ್ಪಾಳೆ ನನ್ನ ಹೊಟ್ಟೆಗೇ ಬಿದ್ದ ಹಾಗಾಗುತ್ತಿತ್ತು.

ತಂಡದ ಹೆಸರುವಾಸಿ ಹಾಡೊಂದಿದೆ. "ಕಿಟಕಿ ತೆಗೆದಿಡು, ನಾ ಬರ್ತೀನಿ" ಎಂಬ ಒಂದೇ ಸಾಲು ಹತ್ತು ಸಲ. ಕೊನೆಯಲ್ಲಿ ಸಭೆಯೇ ಹಾಡಬೇಕು, ಅದೇ ಅದರ ಗಮ್ಮತ್ತು ಎಂದು ಗಾಯಕ ಬೆಳಿಗ್ಗೆಯೇ ಹೇಳಿದ್ದ. ನನ್ನ ಬುದ್ಧಿ ಓಡಿತು. ಎಲ್ಲ ಮುಗಿದ ಮೇಲೆ ಕೊಡಬೇಕಾದ ಕವಳವನ್ನು ಆ ಹಾಡಿಗಿಂತ ಮೊದಲೇ ತಿರುಗಿಸಿಬಿಟ್ಟೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಹರಿವಾಣ ಮುಂದೆ ಬಂದರೆ ನಮ್ಮ ಜನ ಬೇಡ ಅನ್ನುವುದಿಲ್ಲ.

ಗಾಯಕ ಮೈಕನ್ನು ಸಭೆಯತ್ತ ಚಾಚಿ "ಎಲ್ಲಾರೂ ಹಾಡ್ರಿ" ಎಂದ. ಒಬ್ಬರೂ ಹಾಡಲಿಲ್ಲ. "ಯಾಕ್ರಿ, ಹಾಡ್ರಿ" ಎಂದ. ರಸ ಅಂಗಿಯ ಮೇಲೆ ಇಳಿಯದಂತೆ ಅಷ್ಟೂ ಜನ ಗದ್ದ ಮೇಲೆತ್ತಿ "ಉಂ ಉಂ" ಎಂದರು. ಅವನ ಮುಖ ಸಪ್ಪೆಯಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ತುಂಬ ಸಂತೋಷವಾಯಿತು.

ಅಷ್ಟರಲ್ಲಿ ಅವನಿಗೆ ಬಾಯಿ ಖಾಲಿ ಇದ್ದ ಒಬ್ಬನೇ ಮನುಷ್ಯ ಕಂಡ. ಸೀದಾ ಬಂದು, ನನ್ನ ಕೈಹಿಡಿದು ವೇದಿಕೆ ಹತ್ತಿಸಿ, ಮೈಕು ಕೊಟ್ಟ.

ಬೈಯುತ್ತ ಬೈಯುತ್ತಲೇ ಬೆಳಿಗ್ಗೆ ಅವರ ಅಭ್ಯಾಸದಲ್ಲಿ ಕೇಳಿದ ಹಾಡು, ಬಾಯಿಪಾಠವಾಗಿತ್ತು. ಎಂಟು ವರ್ಷದ ವಿದ್ಯೆಯನ್ನೆಲ್ಲ ಆ ಕಿಟಕಿಗೆ ಸುರಿದೆ. ಆಲಾಪ ಮಾಡಿದೆ, ತಾನ್ ಹೊಡೆದೆ. ಹತ್ತು ನಿಮಿಷ ಯಾರೂ ಮಿಸುಕಲಿಲ್ಲ, ಕೆಮ್ಮಲಿಲ್ಲ, ಎದ್ದು ಹೋಗಲಿಲ್ಲ. ಇಳಿದಾಗ ನನ್ನ ಕಣ್ಣು ಒದ್ದೆಯಾಗಿತ್ತು.

"ಇಷ್ಟು ಶಾಂತ ಕುಂತು ಕೇಳೋ ಮಂದೀನ ನಾ ಎಲ್ಲೂ ನೋಡಿಲ್ರಿ" ಎಂದ ಗಾಯಕ.

ಜನ ಎಲ್ಲ ಹೋದ ಮೇಲೆ ತಮ್ಮ ಹತ್ತಿರ ಬಂದ. "ಅಣ್ಣಾ, ಬಪ್ಪ ತಿಂಗಳು ನಿಂಗೆ ಹತ್ತು ನಿಮಿಷ ಕೊಡ್ತೆ."

ಎರಡು ವರ್ಷದ ಕಿಚ್ಚು ಒಮ್ಮೆಲೇ ಆರಿತು. ಅಪ್ಪಿಕೊಳ್ಳಲು ಹೋದೆ. ಅವನು ಖಾಲಿ ಹರಿವಾಣವನ್ನು ನನ್ನ ಕೈಗಿಟ್ಟ.

"ಆದ್ರೆ ಇದನ್ನ ಮೊದ್ಲು ತಿರುಗ್ಸಿ, ಆಮೇಲೆ ಹಾಡು."