ತಟ್ಟಿ ನೋಡಿ ಕೊಂಡ ಟೈರು

ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಉಂಡೆ ಕೊಬ್ಬರಿಯನ್ನು ಬೆರಳಲ್ಲಿ ಒಮ್ಮೆ ತಟ್ಟಿದರೆ ಸಾಕು, ಗಟ್ಟಿಯೋ ಮೆತ್ತಗೋ ಹೇಳಿಬಿಡುತ್ತೇನೆ. ಇಂಥವನಿಗೆ ನಾಲ್ಕು ಟೈರು ಆರಿಸುವುದು ಯಾವ ಮಹಾ ವಿದ್ಯೆ? ಹೀಗೆಂದುಕೊಂಡೇ ನಾನು ಟೈರಿನ ಅಂಗಡಿ ಮೆಟ್ಟಿಲು ಹತ್ತಿದ್ದು.

ಟೈರು ಬೇಕಾಗಿದ್ದು ನನ್ನ ಹಳೆಯ ಫೋರ್‌ವ್ಹೀಲ್ ಜೀಪಿಗೆ. ಜೀಪು ಬೇಕಾಗಿದ್ದು ನಮ್ಮ ಅತ್ತೆಗೆ. ದಬ್ಬೇಘಟ್ಟದ ಹತ್ತಿರ ಅವರದೊಂದು ತೆಂಗಿನ ತೋಟ. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿ ಸುಲಿಸುವ ದಿನ ಮೊದಲ ಕಾಯಿ ಒಡೆಯುವುದು ಅತ್ತೆಯೇ. ಅವರು ಬರುವ ತನಕ ಯಾರೂ ಕೈ ಹಚ್ಚುವಂತಿಲ್ಲ. ಹತ್ತು ಗಂಟೆಗೆ ಶುರುವಾಗದಿದ್ದರೆ ಆಳುಗಳು ಬೇರೆ ತೋಟಕ್ಕೆ ಹೊರಟುಬಿಡುತ್ತಾರೆ, ಮತ್ತೆ ಸಿಗುವುದು ಯಾವಾಗಲೋ. ಈ ಸಲ ಅತ್ತೆ ಮಂಡಿನೋವು ಅಂತ ನಮ್ಮ ಮನೆಯಲ್ಲಿದ್ದರು. ಮಳೆ ಬೇರೆ ಹಿಡಿದಿತ್ತು. ತೋಟಕ್ಕೆ ಗೊಬ್ಬರವೆಂದು ಹೊಡೆಸಿದ ಕೆರೆಗೋಡು, ಅದೇ ಕೆರೆಯ ಹೂಳುಮಣ್ಣು, ಅರ್ಧಕ್ಕರ್ಧ ದಾರಿಯಲ್ಲೇ ಚೆಲ್ಲಿ, ನಡೆದು ಹೋಗುವವರೂ ಜಾರಿ ಬೀಳುತ್ತಿದ್ದರು.

"ಅಮ್ಮನ್ನ ಹತ್ತು ಗಂಟೆಯೊಳಗೆ ತೋಟ ಮುಟ್ಟಿಸೋದು ನಿಮ್ಮ ಜವಾಬ್ದಾರಿ ಕಣ್ರೀ" ಎಂದಳು ಹೆಂಡತಿ ಗಿರಿಜ.

ನನಗೂ ಒಳಗೊಳಗೇ ಒಂದು ಆಸೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅತ್ತೆಯ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದಿಲ್ಲ. ಕೆಟ್ಟ ಮಾತೂ ಬಂದಿಲ್ಲ, ಅದೇ ಇನ್ನೂ ಕಷ್ಟ! ಈ ಸಲ 'ಪರವಾಗಿಲ್ಲ' ಎಂಬ ಒಂದು ಪದವನ್ನಾದರೂ ಸಂಪಾದಿಸಲೇಬೇಕೆಂದು ತೀರ್ಮಾನಿಸಿದೆ.

ಅಂಗಡಿಯವನು ಸಮಾಧಾನದ ಮನುಷ್ಯ. "ಮೂರು ಥರ ಬತ್ತವೆ ಸಾರ್. ಟಾರ್ ರೋಡಿಗೆ ಒಂದು, ಟಾರು ಮಣ್ಣು ಎರಡಕ್ಕೂ ಆಗೋದು ಒಂದು, ಬರೀ ಕೆಸರಿಗೆ ಅಂತ್ಲೇ ಒಂದು. ನೀವು ದಿನಾ ಓಡಾಡೋದು ಟಾರಲ್ಲಿ. ನಡುವಿನದ್ದು ತಗಳಿ."

ನಡುವಿನದ್ದು! ಎರಡನೇ ದರ್ಜೆಯ ಕೊಬ್ಬರಿಯನ್ನು ಕಣ್ಣೆತ್ತಿ ನೋಡದ ನನಗೆ ನಡುವಿನ ಟೈರೇ? ಇದ್ದುದರಲ್ಲೇ ದಪ್ಪನೆಯ, ಮೈಮೇಲೆ ಅಂಗೈಯಗಲದ ರಬ್ಬರ್ ಬಟನ್ನುಗಳು ಉಬ್ಬಿ ನಿಂತಿದ್ದ ಕೆಸರಿನ ಟೈರನ್ನೇ ಹಾಕಿಸಿದೆ. ಅವನು ಗಾಳಿ ತುಂಬಿದ ಮೇಲೆ ಪದ್ಧತಿಯಂತೆ ಬೆರಳಲ್ಲಿ ತಟ್ಟಿ ನೋಡಿದೆ. ಸದ್ದು ಮೆತ್ತಗಿತ್ತು.

"ಇನ್ನೂ ತುಂಬು."

"ಸಾಕು ಸಾರ್, ಇದು ಲಾರಿ ಅಲ್ಲ."

"ತುಂಬಪ್ಪಾ, ನಂಗೊತ್ತು!"

ಟಣ್ ಎನ್ನುವವರೆಗೂ ತುಂಬಿಸಿದೆ. ಅಂಗಡಿಯವನು ನನಗೆ ಕೈಮುಗಿದು ಒಳಗೆ ಹೋದ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಮುಂದೆ, ಗಿರಿಜಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಟಾರು ರಸ್ತೆಗೆ ಬಿದ್ದದ್ದೇ ತಡ, ಟೈರುಗಳು ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡತೊಡಗಿದವು.

"ಏನು ಅಳಿಯಂದ್ರೇ ಅದು ಸದ್ದು?" ಅತ್ತೆ ಕೂಗಿದರು.

"ಹೊಸ ಟೈರು ಅತ್ತೆ! ಕೆಸರಿಗೆ ಅಂತ್ಲೇ ಮಾಡಿರೋದು!"

"ಮತ್ತೆ ಇಲ್ಯಾಕೆ ಹಿಂಗೆ ಅರಚ್ತವೆ?" ಎಂದಳು ಗಿರಿಜ.

ಚಕ್ರಕ್ಕೆ ಸಿಕ್ಕ ಒಂದೊಂದು ಕಲ್ಲಿಗೂ ಅತ್ತೆ ಸೀಟು ಬಿಟ್ಟು ಮೇಲೆದ್ದು ಮತ್ತೆ ಕೂರುತ್ತಿದ್ದರು. ಅವರ ಮಂಡಿಗೆ ಇಷ್ಟೊಂದು ವ್ಯಾಯಾಮವನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಕೆಸರು ಬರಲಿ, ಆಗ ಗೊತ್ತಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡೆ.

ಕೆಸರು ಬಂತು. ಗೊತ್ತೂ ಆಯಿತು!

ತೋಟದ ದಾರಿಯಲ್ಲಿ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಬಟನ್ನುಗಳ ಸಂದಿಗೆಲ್ಲ ಕೆರೆಗೋಡು ಮೆತ್ತಿಕೊಂಡು ಟೈರು ಮುದ್ದೆಯಂತೆ ನುಣ್ಣಗಾಯಿತು. ಫೋರ್‌ವ್ಹೀಲ್ ಹಾಕಿದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹರಿದು, ನಾಲ್ಕೂ ಚಕ್ರ ಯಾವ ಪಕ್ಷಪಾತವೂ ಇಲ್ಲದೆ ಗುಂಡಿ ತೋಡತೊಡಗಿದವು. ನಾನು ಇನ್ನಷ್ಟು ಒತ್ತಿದೆ. ಅತ್ತೆ ಕಿಟಕಿಯಿಂದ ಬಗ್ಗಿ ನೋಡಿದರು.

"ಇನ್ನೊಂದು ಗೇಣು ತೋಡಿ ಅಳಿಯಂದ್ರೇ. ನಾಲ್ಕು ಸಸಿ ಇಟ್ಬುಡಾನ."

ಗಂಟೆ ಒಂಬತ್ತೂ ಮುಕ್ಕಾಲು. ಇಳಿದು ನಡೆಯೋಣವೆಂದರೆ ಅತ್ತೆಗೆ ಮಂಡಿ. ನನಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಪಕ್ಕದ ತೋಟದ ಬಸವರಾಜು ಎದುರಿನಿಂದ ಮೊಪೆಡ್ಡಿನಲ್ಲಿ ಬಂದ. ಬಟನ್ನು ಇತ್ತೆಂಬ ಗುರುತೂ ಉಳಿಯದಷ್ಟು ಸವೆದ ಟೈರು. ದಾರಿಯ ಅಂಚಿಗೆ ಬಿದ್ದಿದ್ದ ತೆಂಗಿನ ಗರಿಗಳ ಮೇಲೆ ಒಂದು ಚೂರೂ ಜಾರದೆ ಬಂದು ನಿಂತ.

"ದೊಡ್ಡಮ್ಮಾ, ಹತ್ಕೊ. ಬುಟ್ಬತ್ತೀನಿ."

ಇಪ್ಪತ್ತೆರಡು ವರ್ಷದ ಅಳಿಯನನ್ನು ಕೆಸರಿನಲ್ಲೇ ಬಿಟ್ಟು ಅತ್ತೆ ಮೊಪೆಡ್ ಹತ್ತಿ ಹೊರಟೇಹೋದರು! ಹೋಗುವಾಗ ಸೆರಗು ಸರಿಮಾಡಿಕೊಂಡರು, ಹಿಂದೆ ತಿರುಗಿ ನೋಡಲಿಲ್ಲ. ಹತ್ತಕ್ಕೆ ಸರಿಯಾಗಿ ತೋಟದ ಕಡೆಯಿಂದ ಕಾಯಿ ಒಡೆದ ಸದ್ದು ಕೇಳಿಸಿತು. ಕೆಲಸ ನಿಲ್ಲಲಿಲ್ಲವೆಂದು ಸಮಾಧಾನವಾಯಿತು. ಆದರೆ ಅದರಲ್ಲಿ ನನ್ನದೇನೂ ಇರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಬಸವರಾಜು ವಾಪಸು ಬಂದವನೇ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಕಡ್ಡಿಯಿಂದ ಪುಸ್ ಅಂತ ಗಾಳಿ ಬಿಡತೊಡಗಿದ.

"ಅಯ್ಯಯ್ಯೋ, ಏನ್ ಮಾಡ್ತಿದ್ದೀಯ!"

"ಗಾಳಿ ಕಲ್ಲಾದಂಗದೆ ಭಾವ. ಟೈರು ಒಂಚೂರು ಅಗಲಾಗಿ ಕುಂತ್ರಲ್ವಾ ಕೆಸರಲ್ಲಿ ಕಚ್ಕಳಾದು? ಯಾವ ಪುಣ್ಯಾತ್ಮ ಇಷ್ಟು ಹೊಡೆದೋನು?"

"ಅಂಗಡಿಯವ್ನು" ಎಂದುಬಿಟ್ಟೆ. ಟಣ್ ಎನ್ನಿಸಿದ ಕತೆಯನ್ನು ಹಿಂದಿನ ರಾತ್ರಿ ನನ್ನ ಬಾಯಿಂದಲೇ ಕೇಳಿದ್ದ ಗಿರಿಜ ನನ್ನನ್ನೇ ನೋಡಿದಳು.

ನಾಲ್ಕೂ ಟೈರಿನ ಗಾಳಿ ಇಳಿಸಿ, ಚಕ್ರದಡಿ ತೆಂಗಿನ ಮಟ್ಟೆ ಒತ್ತಿದ ಮೇಲೆ ಜೀಪು ಎಮ್ಮೆಯಂತೆ ಮೈ ಒದರಿಕೊಂಡು ಮೇಲೆದ್ದು ತೋಟ ಸೇರಿತು. ಈಗ ಹೊಸ ಸಮಸ್ಯೆ. ವಾಪಸು ಹೋಗುವಾಗ ಕೆಸರನ್ನು ಗರಿ ಬಿದ್ದ ಅಂಚಿನಲ್ಲಿ ಹೇಗೋ ದಾಟಬಹುದು, ಆದರೆ ಅಷ್ಟು ಕಡಿಮೆ ಗಾಳಿಯಲ್ಲಿ ತಿಪಟೂರಿನವರೆಗೆ ಟಾರು ರಸ್ತೆಯಲ್ಲಿ ಹೋಗುವಂತಿಲ್ಲ. ತೋಟದಲ್ಲಿದ್ದದ್ದು ಒಂದು ಸೈಕಲ್ ಪಂಪು.

ಹೊಡೆದೆ. ಆಳುಗಳು ಕಾಯಿ ಸುಲಿದರು, ನಾನು ಗಾಳಿ ಹೊಡೆದೆ. ಅವರು ಊಟಕ್ಕೆ ಕೂತರು, ನಾನು ಎರಡನೇ ಟೈರಿಗೆ ಬಂದೆ. ಅವರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಸಾಲಾಗಿ ಕೂತು ನನ್ನನ್ನು ನೋಡಿದರು. ನಾಲ್ಕನೆಯದು ಮುಗಿಯುವ ಹೊತ್ತಿಗೆ ನನ್ನ ಅಂಗಿಯನ್ನು ಹಿಂಡಿದ್ದರೆ ಒಂದು ಸಸಿಗೆ ನೀರಾಗುತ್ತಿತ್ತು.

ಜಗಲಿಯ ಮೇಲಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು.

"ಗಿರಿಜಾ, ನಿಮ್ಮೆಜಮಾನ್ರು ಪರವಾಗಿಲ್ಲ ಕಣೇ."

ನನ್ನ ಕೈ ಪಂಪಿನ ಮೇಲೆ ಹಾಗೇ ನಿಂತಿತು. ಎದೆ ಉಬ್ಬಿತು!

"ಗಾಳಿ ಚೆನ್ನಾಗಿ ಹೊಡೀತಾರೆ" ಎಂದು ಅತ್ತೆ ಮುಗಿಸಿದರು. ಆಮೇಲೆ ಆ ಕಡೆ ತಿರುಗಿ, "ಬಸವರಾಜು, ನಿನ್ ಗಾಡಿ ಹಿಂದಿನ ಚಕ್ರ ಮೆತ್ತಗಾದಂಗದೆ ಕಣ್ಲಾ. ತಂದು ನಿಲ್ಸು, ಅದಕ್ಕೂ ಹಂಗೇ ಹೊಡ್ದುಬುಡ್ತಾರೆ" ಎಂದರು.

ಅವನು ತಂದು ನಿಲ್ಲಿಸಿದ. ಅವನ ಹಿಂದೆ ಆಳುಗಳ ಎರಡು ಸೈಕಲ್ಲೂ ಬಂದು ನಿಂತವು. ಇಪ್ಪತ್ತೆರಡು ವರ್ಷಕ್ಕೆ ಬಂದ ಒಳ್ಳೆಯ ಹೆಸರು, ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಎಲ್ಲಕ್ಕೂ ಹೊಡೆದೆ.