ಒಗೆಯುವ ಯಂತ್ರದ ಹೊಟ್ಟೆಯಲ್ಲಿ

ವಿದ್ಯುಚ್ಛಕ್ತಿಯ ವಿಷಯದಲ್ಲಿ ಇಡೀ ಪುತ್ತೂರಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದ ಕಾಲ ಅದು. ಅರುವತ್ತರ ದಶಕದ ಮಾತು. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ವಿದ್ಯುತ್ತಿನ ಪಾಠವನ್ನು ಹನ್ನೊಂದು ವರ್ಷ ಮಾಡಿದವನು. ಆ ಹನ್ನೊಂದು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಎದ್ದು ನಿಂತು ಒಂದು ಪ್ರಶ್ನೆ ಕೇಳಿರಲಿಲ್ಲ. ನನ್ನ ಪಾಂಡಿತ್ಯಕ್ಕೆ ಇನ್ನೇನು ಸಾಕ್ಷಿ ಬೇಕು!

ಹೀಗಿರುವಾಗ ನಮ್ಮ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂತು. ಕೊಡಗಿನಲ್ಲಿ ಕಾಫಿ ತೋಟ ಮಾರಿ ಸೀಮೆಗೆ ಹೊರಟ ಇಂಗ್ಲಿಷ್ ದೊರೆಯೊಬ್ಬನ ಬಂಗಲೆಯ ಸಾಮಾನನ್ನೆಲ್ಲ ನೆರೆಮನೆಯ ವ್ಯಾಪಾರಿ ಇಬ್ರಾಯಿ ಬ್ಯಾರಿಗಳು ಒಟ್ಟಿಗೆ ಕೊಂಡು, ಲಾರಿಯಲ್ಲಿ ಸುಳ್ಯ, ಜಾಲ್ಸೂರು ದಾಟಿಸಿ ತಂದಿದ್ದರು. ಮೇಜು ಕುರ್ಚಿಗಳೆಲ್ಲ ಬಿಕರಿಯಾದವು. ಈ ಬಿಳಿ ಪೀಪಾಯಿಯನ್ನು ಮಾತ್ರ ಯಾರೂ ಮೂಸಲಿಲ್ಲ.

"ನಮ್ಮಲ್ಲಿಗೆ ಕರೆಂಟು ಇನ್ನೂ ಬರ್ಲಿಲ್ಲ ಮಾಷ್ಟ್ರೆ. ಇದು ನಿಮ್ಮಲ್ಲಿ ಇರ್ಲಿ. ನೀವಾದರೆ ಓದಿದವರು" ಎಂದರು ಬ್ಯಾರಿಗಳು.

ಆ ಕೊನೆಯ ಮಾತಿಗೆ ನಾನು ಸೋತೆ.

ಯಂತ್ರಕ್ಕೆಂದೇ ಬೇರೆ ಲೈನು ಎಳೆಸಿದೆ. ಮೀಟರಿನ ಹಲಗೆಯಲ್ಲಿ ಬಲ್ಬುಗಳಿಗೊಂದು, ಯಂತ್ರಕ್ಕೊಂದು ಎಂದು ಎರಡು ಪಿಂಗಾಣಿ ಫ್ಯೂಸುಗಳಾದವು. ನಮ್ಮ ಕಡೆ ಮೇ ತಿಂಗಳೆಂದರೆ ಸಂಜೆಯಾದರೆ ಗುಡುಗು, ಸಿಡಿಲು. ದೂರದಲ್ಲಿ ಒಮ್ಮೆ 'ಗುಡುಗುಡು' ಎಂದರೆ ಸಾಕು, ಕರೆಂಟಿದ್ದ ಮನೆಗಳ ಯಜಮಾನರೆಲ್ಲ ಸ್ಟೂಲು ಹತ್ತಿ ಫ್ಯೂಸು ಕಿತ್ತಿಡುತ್ತಾರೆ. ನಾನೂ ಕಿತ್ತಿಡುತ್ತಿದ್ದೆ. ಮನೆಯಲ್ಲಿ ಅನ್ಯರು ಯಾರೂ ಫ್ಯೂಸನ್ನು ಮುಟ್ಟತಕ್ಕದ್ದಲ್ಲ ಎಂದು ಆಜ್ಞೆಯನ್ನೂ ಹೊರಡಿಸಿದ್ದೆ. ಅನ್ಯರೆಂದರೆ ನನ್ನ ಹೆಂಡತಿ ಸರಸ್ವತಿ ಒಬ್ಬಳೇ!

ಯಂತ್ರ ಮೂರು ಸಲ ಗರಗರ ತಿರುಗಿ ಬಟ್ಟೆ ಒಗೆಯಿತು. ನಾಲ್ಕನೆಯ ಸಲದ್ದೇ ಈ ಕಥೆ.

ಅಂದು ಸಂಜೆ ನಾಲ್ಕಕ್ಕೆ ಮಹಿಳಾ ಸಮಾಜದ ಸಭೆ. ಸರಸ್ವತಿಯ ಜೀವನದ ಮೊದಲ ಭಾಷಣ. ವಿಷಯ, 'ಯಂತ್ರಗಳು ಮತ್ತು ಗೃಹಿಣಿಯ ಬಿಡುವು'. ಯಂತ್ರ ಇದ್ದ ಗೃಹಿಣಿ ಊರಿಗೆಲ್ಲ ಅವಳೊಬ್ಬಳೇ ಆದ್ದರಿಂದ ಸಮಾಜದವರು ಅವಳನ್ನೇ ಹಿಡಿದಿದ್ದರು. ಹದಿನೈದು ದಿನಗಳಿಂದ ಅವಳು ಒಲೆಯ ಮುಂದೆ ನಿಂತು "ಮಾನ್ಯ ಅಧ್ಯಕ್ಷರೇ" ಎಂದು ಸಾರಿನ ಪಾತ್ರೆಯನ್ನು ಸಂಬೋಧಿಸುತ್ತಿದ್ದಳು.

"ಎದುರು ನಿಂತಾಗ ಕೈಕಾಲು ನಡುಗಿದ್ರೆ ಎಂತ ಮಾಡುದು?" ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು. ಕೊನೆಗೆ ತಾನೇ ಉತ್ತರ ಕಂಡುಕೊಂಡಳು. ಕೆದಂಬಾಡಿಯ ತವರಿನವರು ಕೊಟ್ಟ ಬಿಳಿ ಮಲ್ಲುಬಟ್ಟೆಯ ಸೀರೆ ಉಟ್ಟರೆ ಧೈರ್ಯ ಬರುತ್ತದಂತೆ. ಅಂದು ಬೆಳಿಗ್ಗೆ ಎದ್ದವಳೇ ಆ ಸೀರೆ ಹಿಡಿದು ಒಗೆಯುವ ಕಲ್ಲಿನತ್ತ ಹೊರಟಳು.

ನಾನು ಅಡ್ಡ ನಿಂತೆ. "ಯಂತ್ರದ ಬಗ್ಗೆ ಭಾಷಣ ಮಾಡುವವಳು ಕಲ್ಲಿಗೆ ಬಡಿದ ಸೀರೆ ಉಟ್ಟು ಹೋಗುದಾ? ಸಭೆಗೆ ಮೋಸ ಅದು!"

"ಇವತ್ತೊಂದು ದಿನ ಬೇಡ ಮಾರಾಯ್ರೆ. ನಂಗೆ ಮೊದಲೇ ಪುಕುಪುಕು ಆಗ್ತಾ ಉಂಟು."

"ನಾನಿಲ್ಲವಾ?" ಎಂದೆ.

ಅದೇ ಅವಳ ಭಯ ಎಂದು ನನಗೆ ಹೊಳೆಯಲಿಲ್ಲ.

ಯಂತ್ರದ ಹೊಟ್ಟೆ ತುಂಬಲು ಸರಸ್ವತಿ ಬಾವಿಯಿಂದ ಹದಿನೆಂಟು ಕೊಡಪಾನ ನೀರು ಸೇದಿದಳು. ಗೃಹಿಣಿಯ ಬಿಡುವು ಹೀಗೆ ಆರಂಭವಾಯಿತು. ಹಂಡೆಯಿಂದ ಬಿಸಿ ನೀರನ್ನೂ ಹೊತ್ತು ತಂದಳು. ಅಷ್ಟು ದೊಡ್ಡ ಯಂತ್ರಕ್ಕೆ ಬರೀ ಒಂದು ಸೀರೆ ಹಾಕುವುದು ಮರ್ಯಾದೆಯಲ್ಲವೆಂದು ನಾನು ನನ್ನ ನಿನ್ನೆಯ ಅಂಗಿಯನ್ನೂ, ಸ್ನಾನದ ನಂತರ ಮೈ ಒರೆಸುವ ಹೊಸ ಕೆಂಪು ಬೈರಾಸನ್ನೂ ಒಳಗೆ ಹಾಕಿ, ಸೋಪಿನ ಹುಡಿ ಸುರಿದು, ಸ್ವಿಚ್ಚು ಒತ್ತಿದೆ.

ಯಂತ್ರ ಕಮಕ್ ಕಿಮಕ್ ಎನ್ನಲಿಲ್ಲ.

ಇಂಥ ಸಂದರ್ಭದಲ್ಲಿ ಅವಿದ್ಯಾವಂತರು ಯಂತ್ರಕ್ಕೆ ಗುದ್ದುತ್ತಾರೆ. ನಾನು ಹಾಗಲ್ಲ. ಮೊದಲು ಚಾವಡಿಯ ಬಲ್ಬು ಹಾಕಿ ನೋಡಿದೆ. ಉರಿಯಿತು. ಆದ್ದರಿಂದ ಮನೆಯಲ್ಲಿ ಕರೆಂಟು ಉಂಟು. ಆದ್ದರಿಂದ ದೋಷ ಇರುವುದು ಯಂತ್ರದ ಒಳಗೆ. ತರ್ಕ ಎಂದರೆ ಇದು! ಆಮೇಲೆ ಗುದ್ದಿದೆ.

ಮುಂದಿನದು ಶಸ್ತ್ರಚಿಕಿತ್ಸೆ. ಶಾಕ್ ಹೊಡೆಯದಂತೆ ಊಟದ ಮಣೆಯ ಮೇಲೆ ನಿಂತು, ಕೈಗೆ ಬಾಳೆ ಎಲೆ ಸುತ್ತಿಕೊಂಡು ಸ್ವಿಚ್ಚು ಬಿಚ್ಚಿದೆ. ಪ್ಲಗ್ಗು ಬಿಚ್ಚಿದೆ. ಚೆನ್ನಾಗಿಯೇ ಇದ್ದ ವಯರನ್ನು ಮೂರು ಕಡೆ ಕತ್ತರಿಸಿ, ಚೆನ್ನಾಗಿರುವುದನ್ನು ಖಚಿತಪಡಿಸಿಕೊಂಡು, ಪುನಃ ಜೋಡಿಸಿದೆ. ಬಾಳೆ ಎಲೆ ಹರಿದುಹೋಯಿತು. ಆದರೂ ಒಮ್ಮೆಯೂ ಶಾಕ್ ಹೊಡೆಯಲಿಲ್ಲ.

"ನೋಡಿದೆಯಾ ನನ್ನ ಜಾಗ್ರತೆ?" ಎಂದು ಎದೆಯುಬ್ಬಿಸಿದೆ.

"ಗಂಟೆ ಹನ್ನೊಂದಾಯ್ತು. ನನ್ನ ಸೀರೆ ಕೊಡಿ."

"ಮೋಟರು ನೋಡಿದರೆ ಮುಗಿಯಿತು. ಹತ್ತು ನಿಮಿಷ."

ಮೋಟರು ಇದ್ದದ್ದು ಅಡಿಯಲ್ಲಿ. ಅದಕ್ಕಾಗಿ ಯಂತ್ರವನ್ನು ತುಸು ಬಾಗಿಸಿದೆ. ಅದರಲ್ಲಿ ಹದಿನೆಂಟು ಕೊಡಪಾನ ನೀರಿದೆ ಎಂಬುದು, ನೀರು ಸೇದಿದವನು ನಾನಲ್ಲವಾದ್ದರಿಂದ, ನೆನಪಿರಲಿಲ್ಲ. ಸೋಪಿನ ನೊರೆ ಬಚ್ಚಲಿನ ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಅಂಗಳದಲ್ಲಿ ಚಾಪೆಯ ಮೇಲೆ ಒಣಗುತ್ತಿದ್ದ ಹಲಸಿನ ಹಪ್ಪಳಗಳನ್ನು ಸೇರಿತು. ಆ ವರ್ಷ ನಮ್ಮ ಮನೆಯಲ್ಲಿ ಹಪ್ಪಳ ಎಣ್ಣೆಗೆ ಹಾಕಿದರೆ ಸೋಪಿನ ಗುಳ್ಳೆ ಬರುತ್ತಿತ್ತು!

ಸರಸ್ವತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಂತ ಸಾವು ಮಾರಾಯ್ರೆ ಇದು!"

ನಾನಾಗಲೇ ಮೋಟರು ಬಿಚ್ಚುವುದರಲ್ಲಿದ್ದೆ. ಬಿಚ್ಚಿದೆ, ಒರೆಸಿದೆ, ತೆಂಗಿನೆಣ್ಣೆ ಹಾಕಿದೆ, ಕೂರಿಸಿದೆ. ಐದು ತಿರುಪುಗಳು ಉಳಿದವು. ಸೀಮೆಯವರು ಹೆಚ್ಚಿಗೆ ತಿರುಪು ಹಾಕುತ್ತಾರೆಂದು ತೀರ್ಮಾನಿಸಿ ಅವನ್ನು ಕಿಟಕಿಯಲ್ಲಿಟ್ಟೆ. ಸ್ವಿಚ್ಚು ಒತ್ತಿದೆ. ಮೌನ.

ಅಷ್ಟರಲ್ಲಿ ಸರಸ್ವತಿ ಮುಚ್ಚಳ ತೆಗೆದು ಕೈ ಹಾಕಿ ಬಟ್ಟೆಗಳನ್ನು ಎಳೆದಳು. ಬೈರಾಸು ಬಿಳಿಚಿಕೊಂಡಿತ್ತು. ಸೀರೆ ಕೆಂಪಾಗಿತ್ತು. ಒಂದೇ ಸಮನೆ ಕೆಂಪೂ ಅಲ್ಲ. ಅಲ್ಲಲ್ಲಿ ಗುಲಾಬಿ, ಅಲ್ಲಲ್ಲಿ ಕುಂಕುಮ. ಅವಳು ಬೈಯಲಿಲ್ಲ. ಕಣ್ಣು ತುಂಬಿಕೊಂಡು, "ನಾನು ಹೋಗುದಿಲ್ಲ ಸಭೆಗೆ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಟ್ಟೆಗಳನ್ನೆತ್ತಿಕೊಂಡು ಕಲ್ಲಿನತ್ತ ನಡೆದಳು.

ಬೆಳಿಗ್ಗೆಯಿಂದ ನಮ್ಮ ಮನೆಯ ಸದ್ದು ಕೇಳುತ್ತಿದ್ದ ಇಬ್ರಾಯಿ ಬ್ಯಾರಿಗಳು ಬೇಲಿ ದಾಟಿ ಬಂದರು. ಹರಡಿದ ಸಾಮಾನುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಹತ್ತಿರ ಬಂದರು.

"ಮಾಷ್ಟ್ರೆ, ಫ್ಯೂಸು ನೋಡಿದ್ದೀರಾ?"

ನನಗೆ ಅವಮಾನವಾಯಿತು. "ಬ್ಯಾರಿಗಳೆ, ಬಲ್ಬು ಉರಿಯುತ್ತಾ ಉಂಟು! ಫ್ಯೂಸು ಹೋದರೆ ಬಲ್ಬು ಉರಿಯುತ್ತದಾ? ಇದು ಒಂಬತ್ತನೆಯ ಕ್ಲಾಸಿನ ಪಾಠ!"

"ನಾನು ಐದನೆಯದಕ್ಕೇ ಬಿಟ್ಟದ್ದಲ್ಲವಾ" ಎನ್ನುತ್ತ ಅವರು ಮೀಟರಿನ ಹಲಗೆಯತ್ತ ಹೋದರು. ಅಲ್ಲಿಂದಲೇ ಕೂಗಿದರು. "ಮಾಷ್ಟ್ರೆ, ಇಲ್ಲಿ ಒಂದು ಹಲ್ಲು ಬಿದ್ದಿದೆ!"

ಓಡಿ ಹೋಗಿ ನೋಡಿದೆ. ಬಲ್ಬಿನ ಫ್ಯೂಸು ಇತ್ತು. ಯಂತ್ರದ ಫ್ಯೂಸಿನ ಜಾಗ ಖಾಲಿ! ನನಗೆ ಸಿಟ್ಟು ನೆತ್ತಿಗೇರಿತು. ಆಜ್ಞೆಯ ಉಲ್ಲಂಘನೆ!

"ಸರಸ್ವತೀ! ಫ್ಯೂಸು ತೆಗೆದವರು ಯಾರು? ಮುಟ್ಟಬಾರದು ಎಂದು ಎಷ್ಟು ಸಲ ಹೇಳಿದ್ದೇನೆ?"

ಕಲ್ಲಿನ ಕಡೆಯಿಂದ 'ಟಣ್' ಎಂದು ಕೇಳಿಸಿತು. ನನ್ನ ಅಂಗಿಯನ್ನು ಬಡಿದ ಸದ್ದು. ಅಂಗಿ ಟಣ್ ಎನ್ನುವುದು ನಾನು ಓದಿದ ಯಾವ ವಿಜ್ಞಾನದಲ್ಲೂ ಇರಲಿಲ್ಲ. ಸರಸ್ವತಿ ಬಂದು, ಅಂಗಿಯ ಕಿಸೆಯಿಂದ ತೆಗೆದ ವಸ್ತುವನ್ನು ನನ್ನ ಮುಂದೆ ಹಿಡಿದಳು. ಮೂಲೆ ಒಡೆದ ಪಿಂಗಾಣಿ ಫ್ಯೂಸು.

ನಿನ್ನೆ ಸಂಜೆ ಗುಡುಗಿದಾಗ ಎರಡೂ ಕಿತ್ತವನು ನಾನು. ಗುಡುಗು ನಿಂತ ಮೇಲೆ ಒಂದನ್ನು ಸಿಕ್ಕಿಸಿ, ಬಹಳ ಅಮೂಲ್ಯವಾದ್ದೆಂದು ಇನ್ನೊಂದನ್ನು ಕಿಸೆಯಲ್ಲಿ ಭದ್ರಪಡಿಸಿದವನೂ ನಾನೇ. ಇಡೀ ಬೆಳಿಗ್ಗೆ ನಾನು ರಿಪೇರಿ ಮಾಡಿದ ಯಂತ್ರದ ಹೊಟ್ಟೆಯಲ್ಲಿ ಆ ರಿಪೇರಿಯೇ ನೆನೆಯುತ್ತಿತ್ತು!

ಬ್ಯಾರಿಗಳು ಗಡ್ಡ ಸವರಿಕೊಂಡರು. "ಹಾಗಾದರೆ ಮಿಶಿನು ಒಳ್ಳೇದೇ ಉಂಟು. ಅಲ್ಲ, ಬೆಳಿಗ್ಗೆವರೆಗೆ ಇತ್ತು."

ಸರಸ್ವತಿ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಫ್ಯೂಸನ್ನು ನೋಡಿದಳು. ಅಳು ಬರಬೇಕಾದ ಮುಖದಲ್ಲಿ ನಗು ಬಂತು. ಸೀರೆಯನ್ನು ಬಿಸಿಲಿಗೆ ಹರವಿ, ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದು, ಆ ಗುಲಾಬಿ ಕುಂಕುಮಗಳನ್ನೇ ಉಟ್ಟು ಹೊರಟಳು. ಹದಿನೈದು ದಿನ ಬರೆದ ಕಾಗದ ಮೇಜಿನ ಮೇಲೆಯೇ ಉಳಿಯಿತು. ಕೈಚೀಲಕ್ಕೆ ಹಾಕಿಕೊಂಡದ್ದು ಫ್ಯೂಸು ಮಾತ್ರ.

ಸಭೆಯಲ್ಲಿ ನಾನು ಬಾಗಿಲ ಪಕ್ಕ ನಿಂತೆ. ಅವಳ ಕೈಕಾಲು ನಡುಗಲಿಲ್ಲ. ನಡುಗಿದ್ದು ನನ್ನದು. ಸೀರೆಯ ಕಲೆಯಿಂದ ಶುರುಮಾಡಿ, ಕೊಡಪಾನ, ಬಾಳೆ ಎಲೆ, ಹಪ್ಪಳ, ಒಂದನ್ನೂ ಬಿಡದೆ ಹೇಳಿದಳು. ಹೆಂಗಸರು ಬೆಂಚು ಬಡಿದು ನಕ್ಕರು.

"ಯಂತ್ರ ಬಂದರೆ ಗೃಹಿಣಿಗೆ ಬಿಡುವು ಖಂಡಿತ ಉಂಟು" ಎಂದು ಸರಸ್ವತಿ ಫ್ಯೂಸನ್ನು ಎತ್ತಿ ತೋರಿಸಿದಳು. "ಆದರೆ ಬಟ್ಟೆ ಒಗೆಯುವ ದಿನ ಯಜಮಾನರನ್ನು ಅವರ ತಾಯಿ ಮನೆಗೆ ಕಳಿಸ್ಬೇಕು."

ಚಪ್ಪಾಳೆಯೋ ಚಪ್ಪಾಳೆ! ಅಷ್ಟರಲ್ಲಿ ಹೊರಗೆ 'ಗುಡುಗುಡು' ಎಂದಿತು. ಸಭೆಯಲ್ಲಿದ್ದ ಅಷ್ಟೂ ಹೆಂಗಸರು ಒಟ್ಟಿಗೆ ತಿರುಗಿ ನನ್ನ ಅಂಗಿಯ ಕಿಸೆಯನ್ನೇ ನೋಡಿದರು.